ದುಂಡನೆಯ ಅಡುಗೆಮನೆಯ ವಯಸ್ಸು

ನಕ್ಷೆಯಲ್ಲಿ ಅಂಗಳ ಚೌಕವಾಗಿತ್ತು. ನೆಲದ ಮೇಲೆ ಅದು ಚೌಕವಾಗಿರಲಿಲ್ಲ. ಎದುರು ಮೂಲೆಯಿಂದ ಎದುರು ಮೂಲೆಗೆ ಟೇಪು ಎಳೆದು ಎರಡು ಕರ್ಣಗಳನ್ನು ಅಳೆದೆ. ಚೌಕವಾಗಿದ್ದರೆ ಅವೆರಡೂ ಸಮವಾಗಿರಬೇಕು. ಒಂದು ಇನ್ನೊಂದಕ್ಕಿಂತ ಒಂದು ಮೊಳಕ್ಕೂ ಹೆಚ್ಚು ಉದ್ದವಾಗಿತ್ತು. ಟೇಪು ಜೋಲು ಬಿದ್ದಿರಬೇಕು ಎಂದುಕೊಂಡು ಮತ್ತೆ ಅಳೆದೆ. ಅಷ್ಟೇ ಬಂತು.

ಮನೆ ಇರುವುದು ವಿಶಾಖಪಟ್ಟಣದ ಹೊರಗೆ, ಅಚ್ಯುತಾಪುರಂನ ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಗೋಡಂಬಿ ತೋಪು ಮತ್ತು ಗದ್ದೆಗಳ ನಡುವೆ. ಹಳೆಯ ರೈತ ಮನೆ. ರಾಜ್ಯದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸೇರಿದೆ. ಅದರ ದುರಸ್ತಿಯ ನಕ್ಷೆ ತಯಾರಿಸಿದ್ದು ವಿಜಯವಾಡದ ನಮ್ಮ ಕಚೇರಿ. ಇಲಾಖೆಯ ಒಪ್ಪಿಗೆ ಬಂದಿತ್ತು, ಗುತ್ತಿಗೆದಾರರೂ ನಿಗದಿಯಾಗಿದ್ದರು. ಕೆಲಸ ಶುರುವಾಗುವ ಮುಂಚೆ ಅಳತೆಗಳನ್ನು ಒಮ್ಮೆ ತಾಳೆ ನೋಡಿ ಬರಲು ನನ್ನನ್ನು ಕಳಿಸಿದ್ದರು.

ಇಲ್ಲಿನವರು ಮಂಡುವಾ ಎನ್ನುವ ಮಾದರಿಯ ಮನೆ ಅದು. ನಮ್ಮ ತೊಟ್ಟಿಮನೆಯಂತೆಯೇ ನಡುವೆ ಬಯಲಾದ ಅಂಗಳ, ಸುತ್ತ ನಾಲ್ಕು ಸಾಲು ಕೋಣೆಗಳು, ಒಳಮುಖವಾಗಿ ಇಳಿಯುವ ಹಂಚಿನ ಮಾಡು. ಗೋಡೆ ಇಟ್ಟಿಗೆಯದು, ಸುಣ್ಣದ ಗಾರೆ. ಆಗ್ನೇಯ ಮೂಲೆಯಲ್ಲಿ ಮಾತ್ರ ಇದ್ಯಾವುದೂ ಇಲ್ಲ. ಅಲ್ಲಿ ದಪ್ಪ ಮಣ್ಣಿನ ಗೋಡೆಯ ಒಂದು ದುಂಡನೆಯ ಕೋಣೆ. ಅದರ ಮೇಲೆ ತಾಳೆಗರಿಯ ಮಾಡು, ಬುಟ್ಟಿ ಕವುಚಿಟ್ಟಂತೆ, ಸೊಂಟದೆತ್ತರಕ್ಕೆ ಇಳಿದಿದೆ. ಬಗ್ಗದೆ ಒಳಗೆ ಹೋಗಲಾಗದು. ಈ ಕರಾವಳಿಯ ಊರುಗಳಲ್ಲಿ ಇಂಥ ಗುಡಿಸಲುಗಳಿಗೆ ಚುಟ್ಟಿಲ್ಲು ಎನ್ನುತ್ತಾರೆ. ಮೂಲೆಯಿಲ್ಲದ್ದರಿಂದ ಚಂಡಮಾರುತದ ಗಾಳಿ ಅದನ್ನು ಸುತ್ತಿಕೊಂಡು ಹೋಗುತ್ತದೆ, ಹಿಡಿದು ಎಳೆಯುವುದಿಲ್ಲ. ಮನೆಯವರಿಗೆ ಅದು ಅಡುಗೆಮನೆ.

ಒಪ್ಪಿಗೆಯಾದ ನಕ್ಷೆಯಲ್ಲಿ ಆ ಕೋಣೆಗೆ ಚುಕ್ಕೆಗೆರೆ ಹಾಕಿ 'ನಂತರದ ಸೇರ್ಪಡೆ, ತೆಗೆಯತಕ್ಕದ್ದು' ಎಂದು ಬರೆದಿತ್ತು. ಮನೆಯನ್ನು ಮೂಲರೂಪಕ್ಕೆ ತರುವುದು ಯೋಜನೆಯ ಉದ್ದೇಶ.

ಮನೆಯ ಯಜಮಾನಿಗೆ ಐವತ್ತರ ಆಸುಪಾಸು. ಗಂಡ ಅಚ್ಯುತಾಪುರಂನ ಒಂದು ಕಾರ್ಖಾನೆಯಲ್ಲಿ ಕಾವಲು ಕೆಲಸಕ್ಕೆ ಹೋಗುತ್ತಾರೆ. ಗದ್ದೆ, ಮನೆ ಎರಡೂ ಆಕೆಯ ಕೈಯಲ್ಲಿ. ನಾನು ಬಳ್ಳಾರಿ ಕಡೆಯವಳು, ತೆಲುಗು ಬರುತ್ತದೆ. ಆದರೂ ಆಕೆಯ ರಾಗದ ತೆಲುಗು ಕಿವಿಗೆ ಹೊಂದಲು ಎರಡು ಭೇಟಿ ಬೇಕಾಯಿತು. ಇಲ್ಲಿಯ ರೂಢಿಯಂತೆ ಆಕೆಯನ್ನು ವದಿನಗಾರು, ಅಂದರೆ ಅತ್ತಿಗೆಯವರೇ, ಎಂದು ಕರೆದೆ.

"ವದಿನಗಾರೂ, ಈ ದುಂಡು ಕೋಣೆ ಯಾವಾಗ ಕಟ್ಟಿದ್ದು?"

"ನಮ್ಮ ಮಾವಯ್ಯ ಕಟ್ಟಿದ್ದಮ್ಮಾ. ನಾನು ಸೊಸೆಯಾಗಿ ಬಂದ ಹೊಸತು. ಮೊಣಕೈವರೆಗೂ ಮಣ್ಣು ಮಾಡಿಕೊಂಡು ಕೂತಿರುತ್ತಿದ್ದರು, ನಾನೇ ನೀರು ಹೊತ್ತು ಹಾಕಿದ್ದೇನೆ. ಮುಂಚೆ ಬಂದಿದ್ದ ಆಫೀಸರಿಗೂ ಇದನ್ನೇ ಹೇಳಿದೆ."

"ನೀವು ಹಾಗೆ ಹೇಳಿದ್ದರಿಂದಲೇ ಇದನ್ನು ಕೆಡವುತ್ತಿದ್ದಾರೆ."

"ಕೇಳಿದರು, ಹೇಳಿದೆ. ಕೆಡವುತ್ತೀವಿ ಅಂತ ಮೊದಲೇ ಹೇಳಿ ಯಾರಾದರೂ ಕೇಳುತ್ತಾರಾ?" ಎಂದರು. ಒಲೆಯ ಮುಂದಿನಿಂದ ಏಳಲಿಲ್ಲ. "ಆ ದೊಡ್ಡ ಗಾಳಿ ಬಂತಲ್ಲ, ಹಂಚೆಲ್ಲ ಹಾರಿಹೋಯಿತು. ನಾವು, ಪಕ್ಕದ ಬೀದಿಯವರು, ಅವರ ಮೇಕೆಗಳು, ಎಲ್ಲರೂ ಇದರೊಳಗೇ. ಮಾರನೆ ದಿನ ಇದೇ ಒಲೆಯಲ್ಲಿ ಅಷ್ಟೂ ಜನಕ್ಕೆ ಗಂಜಿ ಕಾಯಿಸಿದೆ. ಆಚೆ ಕೋಣೆಯಲ್ಲಿ ಗ್ಯಾಸು ಇದೆ, ಚಹಾ ಮಾಡುತ್ತೀನಿ. ಅನ್ನ ಮಾತ್ರ ಇಲ್ಲಿ. ಇದನ್ನು ತೆಗೆದರೆ ನನಗೆ ಮನೆಯೇ ಇಲ್ಲ, ಬರೀ ಕಟ್ಟಡ."

ಆಮೇಲೆ ನಾನು ಅಂಗಳದಲ್ಲಿ ಕೂತು ಅಳತೆಗಳನ್ನು ಹಾಳೆಯ ಮೇಲೆ ಹಾಕಿದೆ, ಕಚೇರಿಯ ನಕ್ಷೆ ನೋಡದೆ. ಉತ್ತರ, ಪಶ್ಚಿಮದ ಸಾಲುಗಳು ನೇರವಾಗಿದ್ದವು. ಪೂರ್ವ, ದಕ್ಷಿಣದ ಸಾಲುಗಳು ಆಗ್ನೇಯಕ್ಕೆ ಬರುತ್ತ ಹೊರಕ್ಕೆ ಹೊರಳಿದ್ದವು, ದಾರಿಯಲ್ಲಿ ಕೂತವರನ್ನು ಬಳಸಿ ನಡೆದ ಹಾಗೆ. ಬಳಸಿದ್ದು ಆ ದುಂಡು ಕೋಣೆಯನ್ನು. ಅಲ್ಲಿ ಏನೂ ಇಲ್ಲದಿದ್ದರೆ ಕಟ್ಟುವವರು ಹಾಗೆ ಹೊರಳಿಸಲು ಕಾರಣವಿರಲಿಲ್ಲ.

ಕಚೇರಿಯಲ್ಲಿ ಇದು ಯಾಕೆ ಕಾಣಲಿಲ್ಲ ಎನ್ನುವುದು ನನಗೆ ಗೊತ್ತು. ಹಳ್ಳಿಯ ಮನೆಗಳ ಅಳತೆ ಎಂದೂ ಸರಿಯಾಗಿ ಕೂಡುವುದಿಲ್ಲ. ಗೋಡೆ ಉಬ್ಬಿರುತ್ತದೆ, ಗಾರೆ ದಪ್ಪವಾಗಿರುತ್ತದೆ. ಹಾಗಾಗಿ ಕಂಪ್ಯೂಟರಿನಲ್ಲಿ ಗೆರೆ ಎಳೆಯುವಾಗ ಸಣ್ಣ ಸೊಟ್ಟಗಳನ್ನು ಮೂಲೆಮಟ್ಟಕ್ಕೆ, ಅಂದರೆ ಸರಿಯಾದ ಲಂಬಕೋನಕ್ಕೆ, ತರುವುದು ನಮ್ಮ ಅಭ್ಯಾಸ. ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ, ಅಚ್ಚುಕಟ್ಟು ಎನ್ನಿಸುತ್ತದೆ. ಈ ಮನೆಯ ಚರಿತ್ರೆ ಆ ಸೊಟ್ಟದಲ್ಲಿತ್ತು. ಅದನ್ನು ನೇರ ಮಾಡಿಬಿಟ್ಟಿದ್ದರು.

ನಮ್ಮ ಮುಖ್ಯ ವಾಸ್ತುಶಿಲ್ಪಿ ಹುಬ್ಬಳ್ಳಿಯವರು. ವಿಜಯವಾಡಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಹುಬ್ಬಳ್ಳಿಯಲ್ಲೇ ಇದೆ. ಫೋನು ಮಾಡಿದೆ. ನಮ್ಮ ಕಚೇರಿ ಆಟೋನಗರದ ಅಂಚಿನಲ್ಲಿ, ಲಾರಿ ದುರಸ್ತಿಯ ಅಂಗಡಿಯ ಮೇಲೆ. ಅವರ ಮಾತಿನ ಹಿಂದೆ ಸುತ್ತಿಗೆಯ ಸದ್ದು ಇದ್ದೇ ಇರುತ್ತದೆ.

"ಸರ್, ಅಂಗಳ ಮೂಲೆಮಟ್ಟಕ್ಕಿಲ್ಲ."

"ಯಾವ ಹಳ್ಳಿ ಮನಿ ಮೂಲಿಮಟ್ಟಕ್ಕ ಇರತೈತ್ರೀ? ನಮ್ಮಪ್ಪ ಕಟ್ಟಿಸಿದ ಮನೀನೂ ಸೊಟ್ಟನ ಐತಿ. ಅದರಾಗ ಹುಟ್ಟಿದ್ದಕ್ಕ ನಾನೂ ಹಿಂಗ ಅದೀನಿ."

"ಸೊಟ್ಟ ಎಲ್ಲ ಕಡೆ ಇಲ್ಲ ಸರ್, ದುಂಡು ಕೋಣೆಯ ಹತ್ತಿರ ಮಾತ್ರ. ಅದು ಮೊದಲೇ ಇತ್ತು, ಮನೆಯನ್ನು ಅದರ ಸುತ್ತ ಕಟ್ಟಿದ್ದಾರೆ ಅನ್ನಿಸುತ್ತೆ."

"ಅನಸಿದ್ದನ್ನ ಇಲಾಖೆಗೆ ಬರಿಯಾಕ ಬರೂದಿಲ್ಲ. ತೋರಸ್ರಿ."

ತೋರಿಸಲು ಒಂದೇ ದಾರಿ. ಎರಡು ಗೋಡೆ ಕೂಡುವ ಜಾಗವನ್ನು ಬಿಚ್ಚಿ ನೋಡಬೇಕು. ಯಾವ ಗೋಡೆಯ ಗಾರೆ ಇನ್ನೊಂದರ ಹಿಂದಕ್ಕೆ ಹೋಗಿದೆಯೋ ಆ ಗೋಡೆ ಹಳೆಯದು, ಯಾಕೆಂದರೆ ಕಟ್ಟಿದ ಗೋಡೆಯ ಹಿಂದೆ ಕೈಹಾಕಿ ಯಾರೂ ಗಾರೆ ಬಳಿಯಲಾರರು. ಆದರೆ ಮನೆ ಸಂರಕ್ಷಿತ. ಅಂಗೈಯಗಲ ಬಿಚ್ಚಲೂ ಅನುಮತಿ ಬೇಕು. ಅದು ಬರುವವರೆಗೆ ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ರೈಲಿನಲ್ಲಿ ಓಡಾಡಿದೆ. ಪ್ರತಿ ಸಲವೂ ಒಂದು ಪ್ರಶ್ನೆಗೆ ಉತ್ತರ ಒಯ್ಯುತ್ತಿದ್ದೆ, ಇನ್ನೊಂದು ಪ್ರಶ್ನೆ ತರುತ್ತಿದ್ದೆ. ಅನಕಾಪಲ್ಲಿ ದಾಟುವಾಗ ಇಳಿಯುವವರು ಎದ್ದು ನಿಲ್ಲುತ್ತಿದ್ದರು. ನಾನು ಹಣೆಯನ್ನು ಕಿಟಕಿಯ ಸರಳಿಗೆ ಒತ್ತಿಕೊಂಡು ಹಾಗೇ ಕೂತಿರುತ್ತಿದ್ದೆ.

ಕೊನೆಗೆ ಗೋಡೆಯ ಬುಡದಲ್ಲಿ ಒಂದು ಕಡೆ ಬಿಚ್ಚಲು ಅನುಮತಿ ಬಂತು. ನೆಲಕ್ಕೆ ಹತ್ತಿರ, ಮರೆಯಲ್ಲಿ. ನಾನೇ ಕೂತು ಸಣ್ಣ ಉಳಿ, ಬ್ರಷ್ ಹಿಡಿದು ಮಣ್ಣು ಸರಿಸಿದೆ. ಯಜಮಾನಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಮಣ್ಣಿನ ಹಿಂದೆ ಬಿಳುಪು ಕಂಡಿತು. ಇಟ್ಟಿಗೆ ಗೋಡೆಯ ಸುಣ್ಣದ ಗಾರೆ ನೇರವಾಗಿ ಮಣ್ಣಿನ ಗೋಡೆಯ ಹಿಂದಕ್ಕೆ ಹೋಗಿತ್ತು. ಅಂದರೆ ಇಟ್ಟಿಗೆ ಮೊದಲು, ಮಣ್ಣು ಆಮೇಲೆ.

"ಏನು ಬಂತಮ್ಮಾ?"

"ನೀವು ಹೇಳಿದ್ದೇ ಬಂತು."

"ನಾನು ಹೇಳಲಿಲ್ಲವಾ, ಮಾವಯ್ಯನೇ ಅಂತ?" ಎಂದರು. ದನಿಯಲ್ಲಿ ಗೆದ್ದ ಭಾವವಿತ್ತು. ಅದು ಅಲ್ಲೇ ಇಂಗಿತು. ಎದ್ದು ಒಳಗೆ ಹೋದರು.

ಅದರ ಚಿತ್ರ ತೆಗೆದು, ಅಳತೆ ಬರೆದು, ಇದ್ದದ್ದನ್ನು ಇದ್ದ ಹಾಗೆ ಕಚೇರಿಗೆ ಕಳಿಸಿದೆ. ಕಳಿಸದೆ ಇರಬಹುದಿತ್ತು, ಆ ಯೋಚನೆ ಬಂದಿತ್ತು. ಸಂಜೆ ನಮ್ಮ ಮುಖ್ಯಸ್ಥರು ಫೋನು ಮಾಡಿದರು. ದನಿ ಮೆತ್ತಗಿತ್ತು.

"ನಿಮಗ ಅದು ಉಳೀಬೇಕು ಅಂತ ಐತಿ. ನನಗೂ ಐತಿ. ಒಂದು ಕೆಲಸ ಮಾಡ್ರಿ. ಆ ತಾಯಿ ಕಡೆ 'ನಮ್ಮ ಅತ್ತೆಯವರು ಇದು ಹಳೇದು ಅಂತಿದ್ರು' ಅಂತ ಒಂದು ಮಾತು ಬರಸ್ಕೊಂಡು ಬರ್ರಿ. ಅಷ್ಟರ ಮ್ಯಾಲೆ ನಾನು ನೋಡ್ಕೋತೀನಿ."

ಮರುದಿನ ಹೋಗಿ ಕೇಳಿದೆ. ಆಕೆ ಅಕ್ಕಿ ಕೇರುತ್ತಿದ್ದರು. ಮೊರ ನಿಲ್ಲಿಸಿದರು.

"ಹಾಗೆ ಹೇಳಿದರೆ ಉಳಿಯುತ್ತದಾ?"

"ಉಳಿಯಬಹುದು."

"ನಮ್ಮ ಅತ್ತೆ ಹಾಗೆ ಅಂದದ್ದು ನಾನು ಕೇಳಿಲ್ಲ. ಸತ್ತವರ ಬಾಯಲ್ಲಿ ಮಾತು ಇಟ್ಟು, ಆಮೇಲೆ ಅದೇ ಒಲೆಯಲ್ಲಿ ಅವರ ತಿಥಿಗೆ ಅನ್ನ ಮಾಡಲಾ?" ಮೊರ ಮತ್ತೆ ಆಡತೊಡಗಿತು. "ನೀವು ಓದಿದವರು. ಬೇರೆ ದಾರಿ ಹುಡುಕಿ."

ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಇನ್ನೊಂದು ಕಡೆ, ಗೋಡೆಯ ಮೇಲ್ಭಾಗದಲ್ಲಿ ಬಿಚ್ಚಲು ಅನುಮತಿ ಕೇಳಿ ಪತ್ರ ಹಾಕಿದೆ. ಅದಕ್ಕೆ ಉತ್ತರ ಬರುವ ಮೊದಲೇ ಗುತ್ತಿಗೆದಾರರ ಆಳುಗಳು ಬಂದರು. ಅವರ ಕೈಯಲ್ಲಿ ಒಪ್ಪಿಗೆಯಾದ ನಕ್ಷೆ ಇತ್ತು. ನಾನು ರೈಲಿಳಿದು ಆಟೋ ಹಿಡಿದು ಮನೆ ತಲುಪುವ ಹೊತ್ತಿಗೆ ದುಂಡು ಕೋಣೆಯ ಮಾಡು ಅರ್ಧ ಇಳಿದಿತ್ತು. ಹಳೆಯ ತಾಳೆಗರಿ ಅಂಗಳದ ತುಂಬ ಕರಿಹಿಡಿದು ಬಿದ್ದಿತ್ತು. ಯಜಮಾನಿ ಜಗಲಿಯಲ್ಲಿ ಪಾತ್ರೆಗಳನ್ನು ಜೋಡಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಏಣಿ ಹತ್ತಿದೆ. ಅಷ್ಟು ಕಾಲ ಮಾಡಿನಡಿ ಮುಚ್ಚಿಹೋಗಿದ್ದ ಗೋಡೆಯ ಮೇಲ್ಭಾಗ ಈಗ ಬೆಳಕಿನಲ್ಲಿತ್ತು. ದಕ್ಷಿಣ ಸಾಲಿನ ಇಟ್ಟಿಗೆ ಗೋಡೆ ಬಂದು ಮಣ್ಣಿನ ಗೋಡೆಗೆ ತಾಗುವಲ್ಲಿ ಇಟ್ಟಿಗೆಗಳ ತುದಿಗಳನ್ನು ಕೆತ್ತಿ ಬಾಗಿಸಿದ್ದರು, ದುಂಡಿಗೆ ಹೊಂದುವಂತೆ. ಇಟ್ಟಿಗೆ ಮಣ್ಣಿನಿಂದ ಬೆರಳು ತೂರುವಷ್ಟು ಸರಿದು ಸೀಳು ಬಿಟ್ಟಿತ್ತು. ಮಣ್ಣಿನ ಗೋಡೆಯ ಹೊರಮೈಯಲ್ಲಿ ಕೆಮ್ಮಣ್ಣಿನ ಒಂದು ಪಟ್ಟಿ, ಅದರ ಮೇಲೆ ಸುಣ್ಣದ ಚುಕ್ಕಿಗಳು. ಹಬ್ಬಕ್ಕೆ ಹೆಂಗಸರು ಬಳಿಯುವ ಪಟ್ಟಿ. ಸೀಳಿನೊಳಗೆ ಟಾರ್ಚ್ ಹಿಡಿದೆ. ಪಟ್ಟಿ ಇಟ್ಟಿಗೆಯ ಹಿಂದಕ್ಕೆ ಹೋಗಿತ್ತು. ಚುಕ್ಕಿಗಳೂ ಹೋಗಿದ್ದವು.

ಆ ಗೋಡೆಗೆ ಯಾರೋ ಬಣ್ಣ ಬಳಿಯುತ್ತಿದ್ದಾಗ ಇಟ್ಟಿಗೆಯ ಮನೆ ಇನ್ನೂ ಇರಲಿಲ್ಲ. ಬುಡದಲ್ಲಿ ನಾನು ಕಂಡದ್ದೂ ಸುಳ್ಳಲ್ಲ. ಮಳೆನೀರು ಸಿಡಿದು ಬುಡ ಕರಗಿದಾಗ ಬಯಲಾದ ಇಟ್ಟಿಗೆಗೆ ಗಾರೆ ಬಳಿದಿದ್ದರು, ಆಮೇಲೆ ಮಾವಯ್ಯ ಅಷ್ಟನ್ನು ಹೊಸ ಮಣ್ಣಿನಿಂದ ಕಟ್ಟಿದ್ದರು. ಸೊಸೆ ನೀರು ಹೊತ್ತು ಹಾಕಿದ್ದು ಆ ಮಣ್ಣಿಗೆ.

ಕೆಲಸ ನಿಲ್ಲಿಸಿ ಎಂದೆ. ಗುತ್ತಿಗೆದಾರರು ಒಳ್ಳೆಯವರೇ, ಮಾತು ಮಾತ್ರ ಚೂಪು.

"ಮೇಡಂ ಗಾರೂ, ಸಿಂಹಾಚಲದ ಬೆಟ್ಟದ ಮೇಲೆ ಮುಡಿ ತೆಗೆಯುವವನೂ ಅರ್ಧ ಬೋಳಿಸಿ ಕಳಿಸುವುದಿಲ್ಲ. ಈಗ ನಿಲ್ಲು ಅಂದರೆ ಈ ತಲೆ ಏನಾಗಬೇಕು?"

"ಟಾರ್ಪಾಲು ಹೊದಿಸಿ."

"ನಿಮಗೆ ನಿಲ್ಲಿಸುವ ಅಧಿಕಾರ ಇದೆಯಾ?"

ಇರಲಿಲ್ಲ. ಅಳತೆ ನೋಡುವುದಷ್ಟೇ ನನ್ನ ಕೆಲಸ. ಆದರೂ ಕೆಲಸ ನಿಲ್ಲಿಸಿದ್ದು ನಾನು, ಹೊಣೆ ನನ್ನದು ಎಂದು ಅವರದೇ ನಕ್ಷೆಯ ಹಿಂಬದಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಬರೆಯುವಾಗ ಧೈರ್ಯವೇನೂ ಇರಲಿಲ್ಲ. ದಣಿವಿತ್ತು. ಇನ್ನೊಂದು ಪತ್ರ ಬರೆದು ಕಾಯುವ ಶಕ್ತಿ ಇರಲಿಲ್ಲ, ಅಷ್ಟೇ.

ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ಬೆಳಗ್ಗೆಯೇ ಹೇಳಿದ್ದರಂತೆ. ಮಧ್ಯಾಹ್ನ ಮಳೆ ಬಂತು. ಟಾರ್ಪಾಲು ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಹಾರುತ್ತಿತ್ತು. ಮಾಡಿಲ್ಲದ ಮಣ್ಣಿನ ಗೋಡೆ ತಲೆಯಿಂದ ನೀರು ಕುಡಿಯುತ್ತದೆ. ಮೈಮೇಲೆ ಬಿದ್ದ ನೀರನ್ನು ತಡೆಯಬಲ್ಲದು, ತಲೆಯಿಂದ ಇಳಿದದ್ದನ್ನು ತಡೆಯಲಾರದು. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಯಜಮಾನಿ ದುಂಡು ಕೋಣೆಯೊಳಗಿದ್ದರು, ಗೋಡೆಯ ಗೂಡಿನಲ್ಲಿ ಉಳಿದಿದ್ದ ಉಪ್ಪಿನಕಾಯಿಯ ಜಾಡಿ ತರಲು. ನಾನು ಬಾಗಿಲಲ್ಲಿ ಬಗ್ಗಿ ನಿಂತು ಬನ್ನಿ ಎಂದು ಕರೆಯುತ್ತಿದ್ದೆ. ಆಕೆ ಜಾಡಿಯನ್ನು ಸೆರಗಿನಿಂದ ಸುತ್ತಿ ಬಗ್ಗಿ ಹೊರಗೆ ಬಂದರು. ಆಕೆಯ ಹಿಂದೆ, ಗೂಡಿದ್ದ ಕಡೆಯ ಗೋಡೆ ಕೂತಿತು. ಬೀಳಲಿಲ್ಲ, ಕೂತಿತು. ಸದ್ದು ಕೂಡ ದೊಡ್ಡದಲ್ಲ, ನೆನೆದ ಮೂಟೆ ಇಳಿಸಿದಂತೆ. ಆಕೆ ನಿಂತಿದ್ದ ಜಾಗ ಎದೆಯೆತ್ತರದ ಕೆಸರಾಗಿತ್ತು.

ಆ ಸದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಕೆಲಸ ನಿಲ್ಲಿಸದಿದ್ದರೆ ಮಳೆಯ ಹೊತ್ತಿಗೆ ಕೋಣೆಯೇ ಇರುತ್ತಿರಲಿಲ್ಲ, ಆಕೆ ಒಳಗೆ ಹೋಗುವ ಪ್ರಶ್ನೆಯೂ ಇರುತ್ತಿರಲಿಲ್ಲ. ಇದನ್ನು ಮುಖ್ಯಸ್ಥರಿಗೆ ಹೇಳಿದಾಗ ಅವರು "ಹಂಗ ಲೆಕ್ಕ ಹಾಕಬ್ಯಾಡ್ರಿ" ಎಂದರು. ಆಕೆಗೆ ಹೇಳಿದಾಗ ಆಕೆ ಗ್ಯಾಸಿನ ಮೇಲೆ ಚಹಾ ಮಾಡಿ ತಂದರು.

ಕೆಮ್ಮಣ್ಣಿನ ಪಟ್ಟಿ ಇದ್ದ ಕಡೆಯ ಗೋಡೆ ನಿಂತಿತ್ತು. ಇಲಾಖೆಯ ಅಧಿಕಾರಿ ಬಂದು ಏಣಿ ಹತ್ತಿ ನೋಡಿದರು. ಇಳಿದು ಬಂದು "ಇದು ಮನೆಯ ಬೀಜ" ಎಂದರು. ಕೆಡವುವ ಸೂಚನೆಯನ್ನು ನಕ್ಷೆಯಿಂದ ತೆಗೆಯಲಾಯಿತು. ಕೂತ ಗೋಡೆಯನ್ನು ಅದೇ ಮಣ್ಣು ಕಲಸಿ, ಹುಲ್ಲು ಸೇರಿಸಿ ತುಳಿದು, ಒಂದೊಂದು ಪದರ ಒಣಗಲು ಬಿಟ್ಟು ಮೇಲೆತ್ತಿದೆವು. ಹೊಸ ತಾಳೆಗರಿ ಹೊದಿಸಿದೆವು. ಕೆಲಸ ಮುಗಿದ ದಿನ ಬಾಗಿಲಿಗೆ ಬೀಗ ಬಂತು, ಜೊತೆಗೆ ಒಂದು ಫಲಕ. ಮನೆಯ ಅತ್ಯಂತ ಹಳೆಯ ಭಾಗ, ಒಳಗೆ ಬೆಂಕಿ ಹಚ್ಚುವುದು, ವಾಸ ಮಾಡುವುದು ನಿಷಿದ್ಧ.

ಯಜಮಾನಿ ಅದನ್ನು ಓದಿ ಮುಗಿಸಿ ನನ್ನನ್ನು ಕೇಳಿದರು. ಸಿಟ್ಟಿನಿಂದಲ್ಲ.

"ಹೊಸದು ಅಂದಾಗ ಕೆಡವುತ್ತೀವಿ ಅಂದಿರಿ. ಹಳೆಯದು ಅಂದ ಮೇಲೆ ಒಳಗೆ ಬರಬೇಡ ಅನ್ನುತ್ತೀರಿ. ಇದಕ್ಕೆ ಎಷ್ಟು ವಯಸ್ಸಾಗಿದ್ದರೆ ನಾನು ಅನ್ನ ಮಾಡಬಹುದಿತ್ತು ಅಮ್ಮಾ?"

ಅದು ಹಳೆಯದೆಂದು ಸಾಬೀತು ಮಾಡಿದ್ದು ನಾನೇ.

ಮಳೆಗಾಲ ಕಳೆದ ಮೇಲೆ ತಪಾಸಣೆಗೆ ಹೋದೆ. ಬೀಗ ತೆಗೆದಾಗ ಮುಗ್ಗಲು ವಾಸನೆ ಬಂತು. ನೆಲದ ಮೇಲೆ ಹಳದಿ ಹಿಟ್ಟು ಉದುರಿತ್ತು, ಮಾಡಿನ ಬಿದಿರಿಗೆ ಹುಳು ಬಿದ್ದಿತ್ತು. ಗರಿಯ ಒಳಮೈ ಬೂಷ್ಟು ಹಿಡಿದಿತ್ತು. ಹಳೆಯ ಮಾಡು ಇಳಿಸಿದಾಗ ಅಂಗಳದಲ್ಲಿ ಬಿದ್ದಿದ್ದ ಗರಿಗಳು ಕರಿಹಿಡಿದಿದ್ದವು, ಆದರೆ ಗಟ್ಟಿಯಾಗಿದ್ದವು. ದಿನವೂ ಒಲೆಯ ಹೊಗೆ ಕುಡಿದ ಗರಿ ಅದು. ಒಲೆ ನಿಂತರೆ ಈ ಮಾಡು ಹೆಚ್ಚು ಕಾಲ ಬಾಳದು. ನಾನು ಆಕೆಯ ಪರ ವಾದ ಕಟ್ಟುತ್ತಿಲ್ಲ, ಇದು ಕಟ್ಟಡದ ಮಾತೇ ಎಂದು ನನಗೆ ನಾನೇ ಹೇಳಿಕೊಂಡು, ಹಿಟ್ಟನ್ನು ಒಂದು ಪೊಟ್ಟಣದಲ್ಲಿ ಕಟ್ಟಿಕೊಂಡು ವಿಜಯವಾಡಕ್ಕೆ ಹೋದೆ.

ಮುಖ್ಯಸ್ಥರು ನಾನು ಬರೆದ ನಿರ್ವಹಣೆಯ ಟಿಪ್ಪಣಿಯನ್ನು ಓದಿದರು. ಪೊಟ್ಟಣ ಬಿಚ್ಚಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. ಪೆನ್ನು ತೆಗೆದು ಒಂದು ಪದ ಹೊಡೆದುಹಾಕಿದರು.

"ಒಲಿ ಅನಬ್ಯಾಡ್ರಿ. ಹೊಗಿ ಅನ್ರಿ. ಒಲಿ ಅಂದ್ರ ಸಂಸಾರ ಆಗತೈತಿ. ಹೊಗಿ ಅಂದ್ರ ಸಂರಕ್ಷಣಾ."

ಹಾಗೆಯೇ ತಿದ್ದಿ ಇಲಾಖೆಗೆ ಕಳಿಸಿದೆವು. ಬಹಳ ದಿನಕ್ಕೆ ಉತ್ತರ ಬಂತು. ಗೊತ್ತುಪಡಿಸಿದ ವಾರಗಳಲ್ಲಿ, ಜವಾಬ್ದಾರ ವ್ಯಕ್ತಿಯೊಬ್ಬರು ಹಾಜರಿದ್ದು, ಮರಳಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಕೋಣೆಯೊಳಗೆ ಹೊಗೆ ಹಾಕಬಹುದು. ಅಡುಗೆ ಮಾಡುವಂತಿಲ್ಲ. ಜವಾಬ್ದಾರ ವ್ಯಕ್ತಿಯ ಜಾಗದಲ್ಲಿ ಯಜಮಾನಿಯ ಹೆಸರು ಬರೆದೆವು. ಬೀಗದ ಕೈ ಆಕೆಗೆ ಹೋಯಿತು.

ಕಳೆದ ಬಾರಿ ಹೋದಾಗ ಹೊಗೆಯ ದಿನವೇ ಆಗಿತ್ತು. ಗರಿಗಳ ಸಂದಿನಿಂದ ಹೊಗೆ ಮೆಲ್ಲಗೆ ಏಳುತ್ತಿತ್ತು. ವರದಿಗೆ ಚಿತ್ರ ಬೇಕು, ಕ್ಯಾಮೆರಾ ತೆಗೆದು ಬಗ್ಗಿ ಒಳಗೆ ಇಣುಕಿದೆ. ಮರಳಿನ ಬಕೆಟ್ ಇತ್ತು. ಬೆಂಕಿಯ ಮೇಲೆ ದೊಡ್ಡ ಪಾತ್ರೆಯೂ ಇತ್ತು, ಮುಚ್ಚಳ ಕುಣಿಯುತ್ತಿತ್ತು. ಆಕೆ ನನ್ನನ್ನು ನೋಡಿದರು. ಪಾತ್ರೆಯನ್ನು ಮರೆಮಾಡಲು ಹೋಗಲಿಲ್ಲ.

"ಇನ್ನೂ ಎಷ್ಟು ಹೊತ್ತು ವದಿನಗಾರೂ?"

"ಒಂದು ಕುದಿ. ಬಸಿಯಬೇಕು, ಅಷ್ಟೇ. ಊಟಕ್ಕೆ ಇರುತ್ತೀರಲ್ಲ?"

ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಜಗಲಿಗೆ ಬಂದು ಕೂತೆ. ಆಕೆ ಗಂಜಿ ಬಸಿದು, ಪಾತ್ರೆಯನ್ನು ಹೊರಗೆ ತಂದು ಇಟ್ಟ ಮೇಲೆ ನಾನು ಒಳಗೆ ಹೋಗಿ ಹೊಗೆಯ ಚಿತ್ರ ತೆಗೆದೆ.